ಶಂಕ್ರಪ್ಪನ ಹತ್ತೊಂಬತ್ತನೇ ಗುಂಡು

ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಶಂಕ್ರಪ್ಪ, ಅರವತ್ತು ತುಂಬಿದ ದಿನ ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ ತೆಗೆದುಕೊಂಡು ಬಾಗಲಕೋಟೆ ನವನಗರದ ತನ್ನ ಮನೆಗೆ ಬಂದ. ಬಂದು ಮೂರೇ ತಿಂಗಳಿಗೆ ಬಂದೂಕು ಹಿಡಿದ. ಓಣಿಯವರಿಗೆ ಮೊದಲು ಗಾಬರಿಯಾಯಿತು. ಯಾರ ಮೇಲೆ ಇಷ್ಟು ಸಿಟ್ಟು ಎಂದು ಅವನ ಹೆಂಡತಿ ಗುರುಲಿಂಗವ್ವನನ್ನು ಕೇಳಿದರು. ಅದು ಗಾಳಿ ತುಂಬಿ ಹಾರಿಸುವ ಬಂದೂಕು, ಅದರ ಗುಂಡು ಜೋಳದ ಕಾಳಿನಷ್ಟು ಸೀಸ, ಅದರಿಂದ ಕಾಗದ ಬಿಟ್ಟರೆ ಬೇರೆ ಯಾವುದೂ ಸಾಯುವುದಿಲ್ಲ ಎಂದು ಆಕೆ ಒಬ್ಬೊಬ್ಬರಿಗೂ ತಿಳಿಸಿ ಹೇಳಿದಳು.

ಬಂದೂಕಿನ ಆಟಗಳಲ್ಲೆಲ್ಲ ಶಂಕ್ರಪ್ಪ ಆರಿಸಿಕೊಂಡದ್ದು ಕುಳಿತು ಆಡುವ ಆಟವನ್ನು. ಅಲುಗಾಡದ ಒಂದು ಕಲ್ಲಿನ ಮೇಜು. ಅದರ ಮೇಲೆ ಮುಂದೆ ಒಂದು ಮೂರು ಕಾಲಿನ ಸ್ಟ್ಯಾಂಡು, ಹಿಂದೆ ಒಂದು ಮರಳಿನ ಚೀಲ. ಬಂದೂಕು ಎರಡರ ಮೇಲೂ ಆರಾಮಾಗಿ ಮಲಗಿರುತ್ತದೆ. ಆಡುವವನು ಹಿಂದೆ ಸ್ಟೂಲಿನ ಮೇಲೆ ಕುಳಿತು ಬಂದೂಕಿನ ದುರ್ಬೀನಿನಲ್ಲಿ ನೋಡುತ್ತಾನೆ. ಇಪ್ಪತ್ತೈದು ಮೀಟರು ಆಚೆ ಒಂದು ಕಾರ್ಡು, ಅದರ ಮೇಲೆ ಇಪ್ಪತ್ತೈದು ಸಣ್ಣ ವೃತ್ತ. ಒಂದು ವೃತ್ತಕ್ಕೆ ಒಂದೇ ಗುಂಡು, ಎಲ್ಲಕ್ಕೂ ಸೇರಿ ಅರ್ಧ ತಾಸು. ಬಂದೂಕಿನ ಭಾರ ಹೊರುವುದಿಲ್ಲ, ಓಡುವುದಿಲ್ಲ, ಬೆವರುವುದಿಲ್ಲ. ತನ್ನಷ್ಟಕ್ಕೆ ಸರಿಯಾಗಿ ನಡೆಯುವ ವಸ್ತುವೊಂದನ್ನು ಮುಂದಿಟ್ಟುಕೊಂಡು, ಅದನ್ನು ಆದಷ್ಟು ಮುಟ್ಟದೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡುತ್ತ ಕೂಡುವುದೇ ಇದರ ಸಾರ. ಮೂವತ್ನಾಲ್ಕು ವರ್ಷ ಅವನು ಮಾಡಿದ್ದು ಇದನ್ನೇ. ಇಷ್ಟು ದಿನ ಅದಕ್ಕೆ ಆಟ ಎಂಬ ಹೆಸರಿರಲಿಲ್ಲ, ಅಷ್ಟೇ.

ಸಾಮಾನು ಬರತೊಡಗಿದವು. ಸ್ಟ್ಯಾಂಡು ಬಂತು, ಅದಕ್ಕೆ ಏಳು ತಿರುಪು. ಮೊದಲಿನದು ನಡುಗುತ್ತದೆ ಎಂದು ಎರಡನೆಯದು ಬಂತು, ಅದಕ್ಕೆ ಹನ್ನೊಂದು ತಿರುಪು. ಮೊಲದ ಕಿವಿಯಂಥ ಎರಡು ಕಿವಿ ಇರುವ ತೊಗಲಿನ ಚೀಲ ಬಂತು. ಬಂದೂಕಿನ ಹಿಂಭಾಗ ಆ ಕಿವಿಗಳ ನಡುವೆ ಕೂಡಬೇಕು. ಆ ಚೀಲಕ್ಕೆ ತುಂಬಲು ಮರಳು ಬೇಕಾಯಿತು. ಇಲ್ಲಿಯ ಮರಳು ಹಗುರ, ಅದು ಕೂತಲ್ಲಿ ಕೂಡುವುದಿಲ್ಲ ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಶಂಕ್ರಪ್ಪ ಪರದೇಶದ ಭಾರದ ಮರಳು ತರಿಸಿದ. ಮಲಪ್ರಭೆಯೂ ಘಟಪ್ರಭೆಯೂ ಹರಿಯುವ ಜಿಲ್ಲೆಯಲ್ಲಿ ಕೊರಿಯರಿನವನ ಮುಂದೆ ಸಹಿ ಮಾಡಿ ಮರಳು ಇಳಿಸಿಕೊಂಡ ಮೊದಲ ಮನುಷ್ಯ ಅವನೇ ಇರಬೇಕು. ಕೊರಿಯರಿನವನು ಡಬ್ಬಿ ಅಲುಗಾಡಿಸಿ, ಒಳಗೆ ಏನೋ ಒಡೆದು ಪುಡಿಯಾಗಿದೆ, ವಾಪಸು ಕಳಿಸಿರಿ ಎಂದಿದ್ದ.

ಸಂಜೆಯಾದರೆ ಅಕ್ಕಸಾಲಿಗನ ತಕ್ಕಡಿ ಮುಂದಿಟ್ಟುಕೊಂಡು ಸೀಸದ ಗುಂಡುಗಳನ್ನು ಒಂದೊಂದಾಗಿ ತೂಗುತ್ತಿದ್ದ. ಹಗುರಾದವು ಒಂದು ಡಬ್ಬಿಗೆ, ಭಾರವಾದವು ಇನ್ನೊಂದಕ್ಕೆ, ನಡುವಿನವು ಸ್ಪರ್ಧೆಗೆ. ಲಗ್ನವಾಗಿ ಮೂವತ್ತೈದು ವರ್ಷದಲ್ಲಿ ಈ ಮನುಷ್ಯ ಒಂದು ಹಿಡಿ ಅಕ್ಕಿಯಿಂದ ಒಂದು ಹರಳು ಆರಿಸಿದ್ದನ್ನು ತಾನು ಕಂಡಿಲ್ಲ ಎಂದು ಗುರುಲಿಂಗವ್ವ ದೇವರ ಮನೆಯೊಳಗಿಂದಲೇ ಹೇಳುತ್ತಿದ್ದಳು. ಪೂಜೆಯ ನಡುವೆ ಆಕೆ ಮಾತಾಡುವವಳಲ್ಲ. ಇದೊಂದಕ್ಕೆ ಶಿವನು ಕ್ಷಮಿಸುತ್ತಾನೆ ಎಂಬ ನಂಬಿಕೆ ಇದ್ದಂತಿತ್ತು.

ಮಹಾನವಮಿಯ ಖಂಡೇಪೂಜೆಗೆ ಮನೆಯ ಕುಡಗೋಲು, ಈಳಿಗೆ, ಮಿಕ್ಸರ್ ಎಲ್ಲದಕ್ಕೂ ವಿಭೂತಿ ಹಚ್ಚಿದಂತೆ ಆಕೆ ಬಂದೂಕಿಗೂ ಹಚ್ಚಿ ಒಂದು ಚೆಂಡುಹೂವು ಏರಿಸಿದಳು. ದುರ್ಬೀನಿನ ಗಾಜಿನ ಮೇಲೆ ಬೆರಳಿನ ಗುರುತು ಮೂಡಿತು. ಶಂಕ್ರಪ್ಪ ಅರ್ಧ ತಾಸು ಒರೆಸಿದ. ಹೂವಿನ ಭಾರಕ್ಕೆ ಬಂದೂಕಿನ ತೂಕ ಬದಲಾಗಿ ಗುರಿ ತಪ್ಪುತ್ತದೆ ಎಂದು ಗದರಿದ.

"ಹೂವಿನ ಭಾರಕ್ಕ ತಪ್ಪೂ ಗುರಿ ಎಂಥಾ ಗುರಿರಿ ಅದು," ಎಂದಳು ಗುರುಲಿಂಗವ್ವ. ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡು ತನ್ನ ತುರುಬಿಗೆ ಮುಡಿದು ಹೋದಳು.

ಈ ಆಟದ ಕ್ಲಬ್ಬು ಇದ್ದದ್ದು ಹುನಗುಂದದ ಹೊರಗೆ, ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ. ಅಲ್ಲಿಯ ಶಾಲೆಯೊಂದರ ದೈಹಿಕ ಶಿಕ್ಷಕಿ ರಾಧಿಕಾ ಅದರ ಕಾರ್ಯದರ್ಶಿ, ತೀರ್ಪುಗಾರ್ತಿ, ಕಸ ಗುಡಿಸುವಾಕೆ ಎಲ್ಲ ಆಗಿದ್ದಳು. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯವರು ಸೀಳು ಬಿಟ್ಟಿದೆ ಎಂದು ಒಗೆದ ಕೆಂಪು ಹಾಸುಗಲ್ಲುಗಳನ್ನು ಬೇಡಿ ತಂದು, ಸಿಮೆಂಟಿನ ಕಾಲು ಕಟ್ಟಿಸಿ, ಆರು ಮೇಜು ಮಾಡಿಸಿದ್ದಳು. ಅವುಗಳ ಮೇಲೆ ಆನೆ ಕುಳಿತರೂ ಅಲುಗಾಡುತ್ತಿರಲಿಲ್ಲ.

ಎರಡನೇ ಮೇಜು ಶಂಕ್ರಪ್ಪನದು. ಮೂರನೆಯದು ಇಳಕಲ್ಲಿನ ನೇಕಾರ ಖಾಸಿಂಸಾಬನದು. ಅವನು ಆಡಲು ಬಂದವನೇ ಅಲ್ಲ. ರಾಧಿಕಾ ಅವನ ಹತ್ತಿರ ಸೀರೆ ಕೊಳ್ಳುತ್ತಿದ್ದವಳು, ಒಮ್ಮೆ ಕ್ಲಬ್ಬಿಗೆ ಮರಳಿನ ಚೀಲ ಹೊಲಿಸಿಕೊಡಲು ಕೇಳಿದಳು. ಅವನ ಹೆಂಡತಿ ಮಕ್ತುಮಬಿ ಸೆರಗಿನ ರೇಷ್ಮೆಯ ತುಣುಕುಗಳಿಂದ ಆರು ಚೀಲ ಹೊಲಿದಳು. ರೇಷ್ಮೆ ನುಣುಪು, ಬಂದೂಕು ಅದರ ಮೇಲೆ ತಡೆಯಿಲ್ಲದೆ ಜಾರುತ್ತಿತ್ತು. ತಲುಪಿಸಲು ಬಂದವನನ್ನು ಚೀಲ ಹೇಗಿದೆ ನೋಡಿರಿ ಎಂದು ರಾಧಿಕಾ ಮೇಜಿಗೆ ಕೂಡಿಸಿದಳು. ಕುಳಿತವನು ಪ್ರತಿ ರವಿವಾರ ಬಸ್ಸು ಹತ್ತಿ ಬರತೊಡಗಿದ. ಬಂದೂಕು ಕ್ಲಬ್ಬಿನದು, ಮರಳು ಹಳ್ಳದ್ದು, ಗಾಳಿ ನೋಡಲು ಕಡ್ಡಿಗೆ ಕಟ್ಟಿದ ನೂಲಿನ ಎಳೆ. ಪಕ್ಕದಲ್ಲಿ ಶಂಕ್ರಪ್ಪನ ಬಾಲ ಕಟ್ಟಿದ ನಾಲ್ಕು ಬಣ್ಣದ ಫಿರಕಿಗಳು ಫರಫರ ತಿರುಗುತ್ತಿದ್ದವು.

ಆಟದ ಗುಟ್ಟು ರಾಧಿಕಾ ಎಲ್ಲರಿಗೂ ಒಂದೇ ರೀತಿ ಹೇಳುತ್ತಿದ್ದಳು. ಬಂದೂಕನ್ನು ಬಿಗಿಹಿಡಿಯಬೇಡಿರಿ, ಹಿಡಿದರೆ ನಿಮ್ಮ ನಾಡಿಯ ಬಡಿತವೂ ಅದರೊಳಗೆ ಹೋಗುತ್ತದೆ. ಹಾರಿಸಿದಾಗ ಅದು ಚೀಲದ ಮೇಲೆ ತಾನೇ ಕೂದಲೆಳೆಯಷ್ಟು ಹಿಂದೆ ಸರಿಯಲಿ, ನೀವು ಮತ್ತೆ ಅದೇ ಜಾಗಕ್ಕೆ ಮೆಲ್ಲಗೆ ತಂದಿಡಿರಿ. ಗುಂಡುಗಳು ಬಲಗೈಯ ಹತ್ತಿರ ಸಾಲಾಗಿ ಇರಲಿ, ಕೈ ಹುಡುಕಬಾರದು. ಕಣ್ಣು ದುರ್ಬೀನು ಬಿಡಬಾರದು. ಗಾಳಿ ಒಂದೇ ಸಮ ಬಂದಾಗ ತಡೆಯದೆ ಒಂದರ ಹಿಂದೊಂದು ಹೊಡೆಯಿರಿ, ಬದಲಾದರೆ ಕಾಯಿರಿ. ಇದಿಷ್ಟನ್ನೂ ಖಾಸಿಂಸಾಬ ಕೇಳಿಸಿಕೊಂಡು, ಮಗ್ಗಕ್ಕೆ ಕುಳಿತಂತೆ ಕುಳಿತ. ಲಾಳಿ ಎಸೆದು ಹಲಗೆ ಎಳೆದು ಮೆಟ್ಟುಗೋಲು ತುಳಿದು ನಲವತ್ತು ವರ್ಷ ಒಂದೇ ಕೆಲಸವನ್ನು ಒಂದೇ ರೀತಿ ಮಾಡಿದ ಕೈ ಅದು. ಗುಂಡು ಇಟ್ಟ, ಮುಚ್ಚಿದ, ಎಳೆ ನೋಡಿದ, ಒತ್ತಿದ. ಪ್ರತಿ ಸಲವೂ ಅದೇ. ಅವನು ಆಡುವುದನ್ನು ನೋಡುತ್ತ ಕುಳಿತವರಿಗೆ ನಿದ್ದೆ ಬರುತ್ತಿತ್ತು.

ಶಂಕ್ರಪ್ಪನ ಆಟದಲ್ಲಿ ಮಾತ್ರ ನೋಡಲು ಬೇಕಾದಷ್ಟಿತ್ತು. ಪ್ರತಿ ಗುಂಡಿಗೂ ಒಂದು ತಿರುಪು ತಿರುಗಿಸುತ್ತಿದ್ದ, ರಸಮಟ್ಟ ಇಟ್ಟು ಬಂದೂಕು ಓರೆಯಾಗಿದೆಯೇ ಎಂದು ನೋಡುತ್ತಿದ್ದ, ಹಿಂದೆ ನಿಂತವರಿಗೆ ವಿವರಣೆ ಕೊಡುತ್ತಿದ್ದ. ಖಾಸಿಂಸಾಬನ ಕಾರ್ಡು ತನ್ನದಕ್ಕಿಂತ ಚೆನ್ನಾಗಿ ಬಂದ ದಿನ, ಅದೃಷ್ಟಕ್ಕೆ ಸಾಮಾನು ಬೇಕಾಗುವುದಿಲ್ಲ ಎಂದುಬಿಟ್ಟ. ಖಾಸಿಂಸಾಬ ಹೌದೆಂದು ತಲೆಯಾಡಿಸಿ, ಅಣ್ಣಾರ ಬುತ್ತಿಯಲ್ಲಿ ಸೇಂಗಾ ಚಟ್ನಿ ಉಳಿದಿದೆಯೇ ಎಂದು ಕೇಳಿದ.

ದಸರೆ ಮುಗಿದ ಮೇಲೆ ರಾಧಿಕಾ ಒಂದು ಸುದ್ದಿ ಹೇಳಿದಳು. ಬೆಳಗಾವಿಯಲ್ಲಿ ದೊಡ್ಡ ಸ್ಪರ್ಧೆ, ಜಿಲ್ಲೆಯಿಂದ ನಾಲ್ವರ ತಂಡ. ಮೂವರು ಆಯ್ಕೆಯಾಗಿದ್ದರು. ನಾಲ್ಕನೆಯ ಜಾಗ ಮುಂದಿನ ತಿಂಗಳ ಮೊದಲ ರವಿವಾರ ಹುನಗುಂದದಲ್ಲಿ ಯಾರ ಕಾರ್ಡು ಮೇಲೆ ಬರುತ್ತದೋ ಅವರಿಗೆ. ತಂಡಕ್ಕೆ ನೀಲಿ ಅಂಗಿ, ಬೆನ್ನ ಮೇಲೆ ಆಡುವವನ ಹೆಸರು, ಕೆಳಗೆ ಜಿಲ್ಲೆಯ ಹೆಸರು.

ಆ ಅಂಗಿಯ ಮಾತು ಶಂಕ್ರಪ್ಪನ ಎದೆಯೊಳಗೆ ಇಳಿಯಿತು. ಮೂವತ್ನಾಲ್ಕು ವರ್ಷದಲ್ಲಿ ಅವನು ಬರೆದ ಸಾವಿರಾರು ಪತ್ರಗಳ ಕೆಳಗೆ ಬೇರೆಯವರ ಹೆಸರಿತ್ತು. ಕಚೇರಿಯ ಗುಂಪಿನ ಫೋಟೋಗಳಲ್ಲಿ ಅವನು ಯಾವಾಗಲೂ ಹಿಂದಿನ ಸಾಲಿನಲ್ಲಿ, ಯಾರದೋ ಪೇಟದ ಹಿಂದೆ ಅರ್ಧ ಮುಖ. ಒಂದು ಸಲ, ಒಂದೇ ಒಂದು ಸಲ, ತನ್ನ ಹೆಸರನ್ನು ತಾನೇ ಹೊತ್ತು ನಡೆಯಬೇಕು ಎನಿಸಿತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಅಂಗಿಯ ಅಳತೆ ಮಾತ್ರ ಅಂದೇ ರಾಧಿಕಾಗೆ ಬರೆದುಕೊಟ್ಟ.

ಮತ್ತೆ ಅವನು ನಿಜವಾಗಿಯೂ ಕಲಿತ. ಇದನ್ನು ಒಪ್ಪಲೇಬೇಕು. ಊಟದ ಮೇಜಿನ ಮೇಲೆ ಬಂದೂಕು ಮಲಗಿಸಿ, ಗುಂಡಿಲ್ಲದೆ, ದಿನಕ್ಕೆ ಇನ್ನೂರು ಸಲ ಅದೇ ಕ್ರಿಯೆ ಮಾಡಿದ. ತಿರುಪು ಮುಟ್ಟುವುದನ್ನು ಬಿಟ್ಟ. ವಿವರಣೆ ಕೊಡುವುದನ್ನೂ ಬಿಟ್ಟ, ಅದು ಎಲ್ಲಕ್ಕಿಂತ ಕಷ್ಟವಾಯಿತು. ನಾಚಿಕೆ ನುಂಗಿ ಖಾಸಿಂಸಾಬನ ಹತ್ತಿರ ಮಕ್ತುಮಬಿ ಹೊಲಿದ ರೇಷ್ಮೆಯ ಚೀಲ ಒಂದನ್ನು ಕೇಳಿ ಪಡೆದ, ಅದಕ್ಕೆ ಪರದೇಶದ ಮರಳನ್ನು ತುಂಬಿದ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವನ ಕಾರ್ಡಿನ ತೂತುಗಳು ವೃತ್ತಗಳ ನಟ್ಟನಡುವೆ ಬೀಳತೊಡಗಿದ್ದವು.

ಸ್ಪರ್ಧೆಯ ದಿನ ಜಿಲ್ಲೆಯ ದೊಡ್ಡ ಸಾಹೇಬರೊಬ್ಬರನ್ನು ಉದ್ಘಾಟನೆಗೆ ಕರೆದಿದ್ದರು. ಹತ್ತಕ್ಕೆ ಬರಬೇಕಾದವರು ಹನ್ನೊಂದಾದರೂ ಬರಲಿಲ್ಲ. ಬಿಸಿಲೇರಿದರೆ ಗಾಳಿ ಕೆಡುತ್ತದೆ ಎಂದು ರಾಧಿಕಾ ದೀಪ ಹಚ್ಚದೆಯೇ ಸೀಟಿ ಊದಿದಳು. ಶುರುವಿಗೆ ಮುಂಚೆ ನಿಯಮ ಓದಿದಳು. ಗುಂಡು ತುಂಬಿದ ಬಂದೂಕು ಬಿಟ್ಟು ಯಾರಾದರೂ ಎದ್ದರೆ ಅವರ ಆಟ ಅಲ್ಲಿಗೇ ಮುಗಿಯಿತು. ಕಾರಣ ಯಾವುದೇ ಇರಲಿ, ಕೇಳುವುದಿಲ್ಲ.

ಶಂಕ್ರಪ್ಪ ಅಂದು ಆಡಿದಂತೆ ಯಾವತ್ತೂ ಆಡಿರಲಿಲ್ಲ. ಗುಂಡು ಇಟ್ಟ, ಮುಚ್ಚಿದ, ಫಿರಕಿ ನೋಡಿದ, ಒತ್ತಿದ. ಹದಿನೆಂಟು ವೃತ್ತ ಮುಗಿದಾಗ ಹದಿನೇಳರ ನಡು ಹಾರಿತ್ತು. ಪಕ್ಕದ ಖಾಸಿಂಸಾಬ ಆಗಲೇ ಮೂರು ಕಡೆ ಜಾರಿದ್ದ. ಹನ್ನೊಂದು ನಿಮಿಷ ಉಳಿದಿತ್ತು. ಮಿಲ್ಲಿನ ಗೋದಾಮಿನ ಸಂದಿಯಿಂದ ಗಾಳಿ ಒಂದೇ ಸಮ ಬರುತ್ತಿತ್ತು, ಫಿರಕಿಗಳು ನಾಲ್ಕೂ ಒಂದೇ ಕಡೆ ಬಾಲ ಚಾಚಿದ್ದವು. ಇಂಥ ಗಾಳಿ ಸಿಕ್ಕಾಗ ಏಳು ಗುಂಡು ಎಷ್ಟರ ಕೆಲಸ. ಹತ್ತೊಂಬತ್ತನೆಯದನ್ನು ಇಟ್ಟು ಮುಚ್ಚಿದ.

ಆಗ ಹಿಂದೆ ಗೇಟಿನಲ್ಲಿ ಜೀಪು ನಿಂತ ಸದ್ದು. ಬಾಗಿಲು ಬಡಿದ ಸದ್ದು. ಅದರ ಹಿಂದೆ, ಓಡಿಬಂದ ಜವಾನನೊಬ್ಬ ಮೆಲ್ಲಗೆ "ಸಾಹೇಬ್ರು ಬಂದ್ರು" ಎಂದದ್ದು.

ಶಂಕ್ರಪ್ಪ ಎದ್ದು ನಿಂತಿದ್ದ.

ಏಳಬೇಕೆಂದು ಅವನು ಅಂದುಕೊಳ್ಳಲಿಲ್ಲ. ಮನಸ್ಸು ಇನ್ನೂ ಹತ್ತೊಂಬತ್ತನೇ ವೃತ್ತದಲ್ಲಿತ್ತು, ಮೊಣಕಾಲು ಎದ್ದಿತ್ತು. ದೇವರು ಮನುಷ್ಯನಿಗೆ ಮೊಣಕಾಲು ಕೊಟ್ಟದ್ದು ತನ್ನ ಮುಂದೆ ಬಾಗಲಿ ಎಂದಿರಬೇಕು. ಶಂಕ್ರಪ್ಪ ತನ್ನವನ್ನು ಬೇರೆ ಕಡೆ ಸವೆಸಿ ಮುಗಿಸಿದ್ದ. ಕೈ ಎರಡೂ ಜೋಡಿಸಿಕೊಂಡಿದ್ದವು. ತೊಡೆ ತಾಗಿ ಸ್ಟೂಲು ಉರುಳಿತು. ಬಂದೂಕು ಮಾತ್ರ ತುಂಬಿದ ಗುಂಡಿನೊಂದಿಗೆ ಸ್ಟ್ಯಾಂಡು ಚೀಲಗಳ ಮೇಲೆ ಇದ್ದಂತೆಯೇ ಇತ್ತು, ಕೂದಲೆಳೆಯಷ್ಟೂ ಅಲುಗದೆ.

"ಎರಡನೇ ಮೇಜು, ಹಿಂದ ಸರೀರಿ ಕಾಕಾರ," ಎಂದಳು ರಾಧಿಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ತಾನೇ ಬಂದು ಗುಂಡನ್ನು ಹೊರಗೆ ತೆಗೆದು ಅವನ ಅಂಗೈಗೆ ಹಾಕಿದಳು. "ನಿಮ್ಮ ಕಾರ್ಡು ಹದಿನೆಂಟಕ್ಕ ಮುಗೀತು."

ಖಾಸಿಂಸಾಬ ತಲೆ ಎತ್ತಿರಲಿಲ್ಲ. ಸಾಹೇಬರು ಅವನ ಬೆನ್ನ ಹಿಂದೆಯೇ ಬಂದು ನಿಂತರು. ಜವಾನ ಎರಡು ಸಲ ಕೆಮ್ಮಿದ. ಖಾಸಿಂಸಾಬ ಗುಂಡು ಇಟ್ಟ, ಮುಚ್ಚಿದ, ಎಳೆ ನೋಡಿದ, ಒತ್ತಿದ. ಇಪ್ಪತ್ತೈದೂ ಮುಗಿಸಿ, ಬಂದೂಕಿನ ಬಾಯಿ ತೆರೆದಿಟ್ಟು, ಆಮೇಲೆ ಎದ್ದು ನಮಸ್ಕಾರ ಮಾಡಿದ. ಸಾಹೇಬರು ಬಂದರೂ ಏಳದೆ ಕುಳಿತ ಸೊಕ್ಕೇನು ಎಂದು ಸುತ್ತಲಿನವರು ಅವನನ್ನು ಆಮೇಲೆ ಹಿಡಿದು ಕೇಳಿದರು. ಶಂಕ್ರಪ್ಪನೂ ಕೇಳಿದವರಲ್ಲಿ ಒಬ್ಬ.

"ಎಳಿ ನಡುವ ಎದ್ದರ ಸೀರಿ ಕೆಡ್ತೈತ್ರಿ ಅಣ್ಣಾರ," ಎಂದ ಖಾಸಿಂಸಾಬ. "ಎದ್ದು ನಿಂತು ಕೆಟ್ಟ ಸೀರಿ ಕೊಟ್ಟರ ಯಾವ ಸಾಹೇಬ್ರು ಖುಷಿ ಆಗ್ತಾರ್ರಿ."

ಸಾಹೇಬರಿಗೆ ಒಂದು ಗುಂಡು ಹಾರಿಸುವ ಮನಸ್ಸಾಯಿತು. ಫೋಟೋದವನು ಬಂದಿದ್ದನಲ್ಲ. ಇದ್ದುದರಲ್ಲಿ ಚಂದದ ಬಂದೂಕು ಶಂಕ್ರಪ್ಪನದು, ರದ್ದಾದ ಅವನ ಕಾರ್ಡು ಇನ್ನೂ ಅಲ್ಲೇ ತೂಗುತ್ತಿತ್ತು. ಶಂಕ್ರಪ್ಪ ಸ್ಟೂಲು ಎತ್ತಿ ಧೂಳು ಒರೆಸಿ, ಸಾಹೇಬರನ್ನು ಕೂಡಿಸಿ, ಅಂಗೈಯಲ್ಲಿದ್ದ ಅದೇ ಗುಂಡನ್ನು ಇಟ್ಟು ಮುಚ್ಚಿ, ಇದನ್ನು ಸುಮ್ಮನೆ ಮುಟ್ಟಿದರೆ ಸಾಕು ಎಂದು ತೋರಿಸಿದ. ಸಾಹೇಬರು ಮುಟ್ಟಿದರು. ಅವರಿಗೆ ಏನೂ ಗೊತ್ತಿರಲಿಲ್ಲವಾದ್ದರಿಂದ ಏನನ್ನೂ ಕೆಡಿಸಲಿಲ್ಲ. ಗುಂಡು ಹತ್ತೊಂಬತ್ತನೇ ವೃತ್ತದ ನಟ್ಟನಡುವೆ ಹೋಗಿ ಕೂತಿತು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೊನೆಗೆ, ಶಂಕ್ರಪ್ಪನದು.

ನಾಲ್ಕನೇ ಜಾಗ ಖಾಸಿಂಸಾಬನಿಗೆ ಹೋಯಿತು.

ಮನೆಗೆ ಬಂದ ಶಂಕ್ರಪ್ಪ ಎರಡು ದಿನ ಬಂದೂಕಿನ ಪೆಟ್ಟಿಗೆ ತೆರೆಯಲಿಲ್ಲ. ಮೂರನೇ ದಿನ ಅವನಿಗೊಂದು ದಾರಿ ಹೊಳೆಯಿತು. ಸಾಹೇಬರಿಗೆ ಗೌರವ ಕೊಡಲು ಹೋಗಿ ತಾನು ಜಾಗ ಕಳೆದುಕೊಂಡದ್ದು. ಅವರು ರಾಧಿಕಾಗೆ ಒಂದು ಫೋನು ಮಾಡಿದರೆ ಐದನೆಯವನಾಗಿಯಾದರೂ ಸೇರಿಸದೆ ಇರುತ್ತಾಳೆಯೇ. ಸಾಹೇಬರು ಬಂದೂಕಿಗೆ ಕುಳಿತ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬುಧವಾರ ಅವರ ಕಚೇರಿಗೆ ಹೋದ. ಹತ್ತರಿಂದ ಮೂರೂವರೆಯವರೆಗೆ ಹೊರಗೆ ಕುಳಿತ. ಬಾಗಿಲು ತೆರೆದಾಗಲೆಲ್ಲ ಎದ್ದ. ಕೊನೆಗೆ ಕರೆದರು.

ಸಾಹೇಬರು ಬೆಂಗಳೂರು ಕಡೆಯವರು. ಫೋಟೋ ನೋಡಿ ಸಂತೋಷಪಟ್ಟರು, ತಂದವನು ಯಾರೆಂದು ಕೇಳಲಿಲ್ಲ. ಫೋಟೋದ ಮೂಲೆಯಲ್ಲಿ, ಮರಳಿನ ಚೀಲವನ್ನು ಸರಿಯಾಗಿ ಹಿಡಿದುಕೊಟ್ಟ ಒಂದು ಕೈ ಮೊಣಕೈವರೆಗೆ ಬಂದಿತ್ತು.

"ಇದು ಯಾರ ಕೈ?"

"ನಂದ್ರಿ ಸಾಹೇಬ್ರ."

"ಇದೊಂದು ಅಡ್ಡ ಬಂದಿದೆ. ಇದನ್ನು ತೆಗೆಸಿ ಇನ್ನೊಂದು ಕಾಪಿ ಮಾಡಿಸಿ. ಶುಕ್ರವಾರ ತನ್ನಿ, ಗೋಡೆಗೆ ಹಾಕಿಸೋಣ."

ಆತ್ರಿ ಎಂದ ಶಂಕ್ರಪ್ಪ. ಬಂದ ಕೆಲಸ ಹೊರಗೆ ಬಂದ ಮೇಲೆ ನೆನಪಾಯಿತು. ಶುಕ್ರವಾರ ಹೇಳಿದರಾಯಿತು ಎಂದುಕೊಂಡ. ಸಂಜೆ ಸ್ಟುಡಿಯೋದಲ್ಲಿ ನಿಂತು, ಬೆರಳಿನ ತುದಿ ಕೂಡ ಉಳಿಯಬಾರದು ನೋಡು ಎಂದು ಹೇಳಿ ಹೇಳಿ ತನ್ನ ಕೈಯನ್ನು ತಾನೇ ತೆಗೆಸಿದ. ಸಾಹೇಬರು ತನಗೆ ಒಂದು ಕೆಲಸ ಒಪ್ಪಿಸಿದ್ದಾರೆ ಎಂದು ಮನೆಯಲ್ಲಿ ಹೇಳಿದ. ಗುರುಲಿಂಗವ್ವ ಫೋಟೋವನ್ನು ಬಹಳ ಹೊತ್ತು ನೋಡಿದಳು. ರೊಟ್ಟಿ ಬಡಿಯಲು ಒಳಗೆ ಹೋದಳು.

ಗುರುವಾರ ಸಂಜೆ ರಾಧಿಕಾಳ ಫೋನು ಬಂತು. ತಂಡದ ಮೊದಲ ಮೂವರಲ್ಲಿ ಒಬ್ಬನಾದ ಯುವರಾಜ ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ. ಉಳಿದವರ ಹಿಂದಿನ ರವಿವಾರಗಳ ಕಾರ್ಡುಗಳನ್ನೆಲ್ಲ ತೆಗೆದು ನೋಡಿದರೆ ಮುಂದಿನ ಹೆಸರು ಶಂಕ್ರಪ್ಪನದು.

"ಆ ದಿನದ ಶಿಕ್ಷಾ ಆ ದಿನಕ್ಕ ಮುಗೀತ್ರಿ ಕಾಕಾರ," ಎಂದಳು. "ನಾಳೆ ಒಂಬತ್ತಕ್ಕ ಹುನಗುಂದದಿಂದ ಗಾಡಿ ಬಿಡತೈತಿ. ಹತ್ತೂವರೆ ಸುಮಾರಿಗೆ ಗದ್ದನಕೇರಿ ಕ್ರಾಸಿಗೆ ಬಂದು ನಿಲ್ರಿ. ನಿಮ್ಮ ಹೆಸರಿನ ಅಂಗಿ ಹೊಲಿಸೇನಿ."

ಶಂಕ್ರಪ್ಪ ಫೋನು ಇಟ್ಟವನೇ ಬಂದೂಕಿನ ಪೆಟ್ಟಿಗೆಯನ್ನು ಇಳಿಸಿದ. ಆ ರಾತ್ರಿ ಪೆಟ್ಟಿಗೆ ತುಂಬಿದ. ಗುರುಲಿಂಗವ್ವ ಬುತ್ತಿಗೆ ರೊಟ್ಟಿ ಕಟ್ಟಿ, ಮಹಾಕೂಟದ ವಿಭೂತಿಯ ಪೊಟ್ಟಣವನ್ನು ಪೆಟ್ಟಿಗೆಯ ಹೊರಗಿನ ಕಿಸೆಯಲ್ಲಿ ಇಟ್ಟಳು. ಬಂದೂಕಿನಿಂದ ದೂರ, ಅವನು ಗದರದಿರಲಿ ಎಂದು. ಆದರೆ ಬೆಳಿಗ್ಗೆ ಏಳುವ ಹೊತ್ತಿಗೆ ಅವನ ತಲೆಯೊಳಗೆ ಕಚೇರಿ ತೆರೆದಿತ್ತು. ಶುಕ್ರವಾರ ತನ್ನಿ ಎಂದಿದ್ದಾರೆ. ಹತ್ತಕ್ಕೆ ಹೋಗಿ ಕೊಟ್ಟು ಹತ್ತೂವರೆಗೆ ಕ್ರಾಸಿನಲ್ಲಿ ಇರಬಹುದು. ಫೋಟೋವನ್ನು ಬೇರೆ ಯಾರ ಕೈಯಲ್ಲಾದರೂ ಕಳಿಸಿರಿ, ಜವಾನನಿಗೆ ಕೊಟ್ಟು ಬನ್ನಿರಿ ಎಂದು ಗುರುಲಿಂಗವ್ವ ಎರಡು ಸಲ ಹೇಳಿದಳು. ಸಾಹೇಬರ ವಸ್ತುವನ್ನು ಸಾಹೇಬರ ಕೈಗೇ ಕೊಡಬೇಕು ಎಂದ ಶಂಕ್ರಪ್ಪ. ಪೆಟ್ಟಿಗೆಯನ್ನೂ ಫೋಟೋವನ್ನೂ ಹಿಡಿದು ಆಟೋ ಹತ್ತಿದ.

ಒಳಗೆ ಮೀಟಿಂಗು ನಡೆದಿತ್ತು. ಜವಾನ ಕುಂದರ್ರಿ ಎಂದ. ಹತ್ತಾಯಿತು, ಹತ್ತೂಕಾಲಾಯಿತು. ಬಾಗಿಲು ತೆರೆದಾಗ ಎದ್ದ, ಯಾರೋ ಫೈಲು ಹಿಡಿದು ಹೊರಗೆ ಬಂದರು. ಕೂತ. ಮತ್ತೆ ಎದ್ದ. ಮತ್ತೆ ಕೂತ. ಹತ್ತು ನಲವತ್ತಕ್ಕೆ ಕಿಸೆಯಲ್ಲಿ ಫೋನು ನಡುಗಿತು. ಕಚೇರಿಯಲ್ಲಿ ಮಾತಾಡುವಂತೆ ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿಕೊಂಡ. ಖಾಸಿಂಸಾಬ.

"ಅಣ್ಣಾರ, ಕ್ರಾಸಿನ್ಯಾಗ ನಿಂತೇವ್ರಿ. ಎಲ್ಲಿದೀರಿ? ಡ್ರೈವರಗ ಹೇಳಿ ಹತ್ತು ಮಿನಿಟು ನಿಲ್ಸೇನಿ. ನಿಮ್ಮ ಅಂಗಿ ನನ್ನ ತೊಡಿ ಮ್ಯಾಲ ಐತ್ರಿ, ಅಕ್ಷರಾ ಭಾಳ ಚಂದ ಮೂಡ್ಯಾವ."

ಆಟೋ ಹಿಡಿದರೆ ಸಾಕು, ಹತ್ತು ನಿಮಿಷದಲ್ಲಿ ತಲುಪುವ ದಾರಿ. ಶಂಕ್ರಪ್ಪ ಬಾಗಿಲಿನ ಕಡೆ ನೋಡಿದ. ಅದರ ಹಿತ್ತಾಳೆಯ ಹಿಡಿಕೆ ಈಗ ತಿರುಗಿತು, ಇನ್ನೇನು ತಿರುಗಿತು ಎನ್ನುವಂತಿತ್ತು.

"ಖಾಸಿಂಸಾಬ," ಎಂದ, ಪಿಸುದನಿಯಲ್ಲಿ. "ನೀವು ನಡೀರಿ. ನಾ ಸಾಹೇಬ್ರನ್ನ ಕಂಡು, ಮುಂದಿನ ಬಸ್ಸಿಗೆ ಬರ್ತೇನಿ."

ಆ ಕಡೆ ಎಂಜಿನ್ನಿನ ಸದ್ದು ಏರಿತು. "ಆತ್ರಿ ಅಣ್ಣಾರ," ಎಂದ ಖಾಸಿಂಸಾಬ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಫೋನು ಕಿವಿಯಿಂದ ಜಾರಿದ್ದೂ ತಿಳಿಯದೆ ಶಂಕ್ರಪ್ಪ ಎದ್ದು ನಿಂತ, ಕೈ ಜೋಡಿಸಿದ. ಕುಡಿದು ಬಿಟ್ಟ ಚಹಾದ ಕಪ್ಪುಗಳ ತಾಟು ಹಿಡಿದು ಜವಾನ ಹೊರಗೆ ಬಂದ. ಸಾಹೇಬರು ಹಿಂದಿನ ಬಾಗಿಲಿನಿಂದ ಬಾದಾಮಿಗೆ ಹೊರಟು ಅರ್ಧ ತಾಸಾಯಿತು, ಸೋಮವಾರ ಬರ್ರಿ ಎಂದ.